ಕಳಸೂಬಾಯಿಯ ಬೆಟ್ಟ

(ಮುಂಬಯಿಯ ನಮ್ಮ ಸಂಘದ ಕೂಟವೊಂದರಲ್ಲಿ ಮಾಡಿದ ಭಾಷಣ)



ಈ ಸಲದ ಕೂಟದಲ್ಲಿ ಬೆಟ್ಟವೊಂದರ ವಿಷಯವಾಗಿ ನಾಲ್ಕು ಮಾತು ಆಡುತ್ತೇವೆಂದು ತಿಳಿಸಿದಾಗ ಕಾರ್ಯದರ್ಶಿಗಳು ಬಹಳ ಸಂತೋಷಪಟ್ಟರು. "ಮುಳ್ಳಯ್ಯನಗಿರಿಯೋ, ಕೊಡಚಾದ್ರಿಯೋ?" ಎಂದು ಕೇಳಿದರು. ಕಳಸೂಬಾಯಿ ಎಂದೆವು. "ಕಳಸದ ಹತ್ತಿರವೇ?" ಎಂದರು. ಅಲ್ಲ, ಇಗತಪುರಿಯ ಹತ್ತಿರ ಎಂದೆವು. ಅವರ ಮುಖ ತುಸು ಬಾಡಿದ್ದು ನಿಜ. ಆದರೂ ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳದೆ ನಮಗೆ ಅರ್ಧ ಗಂಟೆಯ ಅವಕಾಶ ಮಾಡಿಕೊಟ್ಟಿದ್ದಾರೆ. ಅದಕ್ಕಾಗಿ ಕೃತಜ್ಞರಾಗಿದ್ದೇವೆ.

ನಾವು ಬೆಳ್ತಂಗಡಿ ತಾಲ್ಲೂಕಿನವರು. ಅಂಗಳದಲ್ಲಿ ನಿಂತು ಮೂಡಣಕ್ಕೆ ಮುಖ ಮಾಡಿದರೆ ಕುದುರೆಮುಖದ ಸಾಲು ಗೋಡೆ ಕಟ್ಟಿದಂತೆ ಕಾಣುತ್ತಿತ್ತು. ಈ ಊರಿಗೆ ಬಂದ ಮೇಲೂ ನಮ್ಮ ಮಕ್ಕಳಿಗೆ ಕುದುರೆಮುಖ 1894 ಮೀಟರ್, ಮುಳ್ಳಯ್ಯನಗಿರಿ ಸುಮಾರು 1930 ಮೀಟರ್ ಎಂದು ಬಾಯಿಪಾಠ ಮಾಡಿಸಿದ್ದೇವೆ. ಆದರೆ ನಮಗೆ ಅನ್ನ ಕೊಡುತ್ತಿರುವ ಈ ರಾಜ್ಯದಲ್ಲಿ ಅತಿ ಎತ್ತರದ ಬೆಟ್ಟ ಯಾವುದೆಂದು ಯಾರಾದರೂ ಕೇಳಿದ್ದರೆ ಮಹಾಬಳೇಶ್ವರ ಎಂದುಬಿಡುತ್ತಿದ್ದೆವು. ಈ ಸಭೆಯಲ್ಲೂ ಹಾಗೆ ತಿಳಿದವರು ಇದ್ದಾರೆಂದು ನಮ್ಮ ಗುಮಾನಿ. ಕಳಸೂಬಾಯಿ 1646 ಮೀಟರ್, ಹಳೆಯ ಲೆಕ್ಕದಲ್ಲಿ ಐದು ಸಾವಿರದ ನಾಲ್ಕುನೂರು ಅಡಿ. ನಾಸಿಕ ಜಿಲ್ಲೆಯ ಇಗತಪುರಿ ತಾಲ್ಲೂಕಿಗೂ ಅಹ್ಮದನಗರ ಜಿಲ್ಲೆಯ ಅಕೋಲೆ ತಾಲ್ಲೂಕಿಗೂ ನಡುವಣ ಎಲ್ಲೆಯಲ್ಲಿದೆ. ಅಹ್ಮದನಗರಕ್ಕೆ 2024ರಲ್ಲಿ ಅಹಿಲ್ಯಾನಗರ ಎಂದು ಹೆಸರಾಯಿತು.

ಬ್ಯಾಂಕಿನವರಿಗೆ ದೇಶ ತೋರಿಸುವುದು ಪ್ರವಾಸದ ಇಲಾಖೆಯಲ್ಲ, ವರ್ಗಾವಣೆಯ ಆಜ್ಞೆ. ನಾವು ಬಿ.ಕಾಂ. ಮುಗಿಸಿ ಪರೀಕ್ಷೆ ಬರೆದು ಗುಮಾಸ್ತರಾಗಿ ಇಲ್ಲಿಗೆ ಬಂದ ಕೆಲವು ವರ್ಷಗಳ ಮೇಲೆ ಈ ಬೆಟ್ಟದ ಬುಡದ ಪೇಟೆಯೊಂದರ ಶಾಖೆಗೆ ಕಳುಹಿಸಿದರು. ಎರಡು ವರ್ಷ ಅಲ್ಲಿದ್ದೆವು. ಯಾವ ಪೇಟೆ, ಯಾವ ಬ್ಯಾಂಕು ಎಂಬುದು ಇಲ್ಲಿ ಬೇಡ. ಕೌಂಟರಿನ ಕಿಟಕಿಯಿಂದ ಬೆಟ್ಟದ ತಲೆ ಕಾಣುತ್ತಿತ್ತು. ಲೆಕ್ಕ ತಾಳೆಯಾಗದ ಸಂಜೆಗಳಲ್ಲಿ ಅದನ್ನು ನೋಡುತ್ತ ಕೂತದ್ದುಂಟು.

ನಮ್ಮ ಊರಿನ ಬೆಟ್ಟಗಳೂ ಇವೂ ಒಂದೇ ಸಹ್ಯಾದ್ರಿ. ಆದರೆ ನಮ್ಮ ಕಡೆ ಸಹ್ಯಾದ್ರಿ ಕಾಡನ್ನು ಹೊದ್ದು ಮಲಗಿದೆ. ಇಲ್ಲಿ ಮೈಬಿಟ್ಟು ಎದ್ದು ನಿಂತಿದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದೊಳಗಿಂದ ಉಕ್ಕಿದ ಕಲ್ಲಿನ ದ್ರವ ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಕರಿಕಲ್ಲು ಇದು. ಪತ್ರೊಡೆಯನ್ನು ಕೊಯ್ದಾಗ ಕಾಣುವಂತೆ ಪದರ ಪದರವಾಗಿ ಕಾಣುತ್ತದೆ. ನೋಡುವುದಕ್ಕೆ ಚೆಲುವೇ ಸರಿ. ಆದರೆ ಈ ಕಲ್ಲು ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಆ ಸೀಮೆಯ ಸಂಕಟವೆಲ್ಲ ಈ ಒಂದು ಮಾತಿನಲ್ಲಿದೆ.

ಮಳೆಗೇನೂ ಅಲ್ಲಿ ಬರವಿಲ್ಲ. ಪಶ್ಚಿಮದ ಅಂಚಿನಲ್ಲಿರುವ ಘಾಟಘರ ಎಂಬ ಹಳ್ಳಿಯನ್ನು ಜಿಲ್ಲೆಯ ಚಿರಾಪುಂಜಿ ಎಂದು ಪತ್ರಿಕೆಯವರು ಕರೆಯುತ್ತಾರೆ. ಆಷಾಢದಲ್ಲಿ ನಮ್ಮ ಶಾಖೆಯ ಗೋಡೆಗೆ ಹಾವಸೆ ಬರುತ್ತಿತ್ತು. ನೋಟುಗಳು ಒದ್ದೆಯಾಗಿ ಎಣಿಸುವ ಯಂತ್ರಕ್ಕೆ ಅಂಟಿಕೊಳ್ಳುತ್ತಿದ್ದವು. ಆಗುಂಬೆಯ ಕಡೆಯವರಿಗೆ ಇದೇನೂ ಹೊಸದಲ್ಲ. ಹೊಸದೆಂದರೆ ಫಾಲ್ಗುಣ ಕಳೆಯುವುದರೊಳಗೆ ಅದೇ ಹಳ್ಳಿಗಳ ಬಾವಿ ಬತ್ತಿ, ಹೆಂಗಸರು ಕೊಡ ಹೊತ್ತು ಇಳಿಜಾರಿನಲ್ಲಿ ಹೋಗಿ ಬರುವುದು. ಚೈತ್ರ ವೈಶಾಖಗಳಲ್ಲಿ ಟ್ಯಾಂಕರು ಬರುವುದು. ಬಿದ್ದ ನೀರೆಲ್ಲ ಎಲ್ಲಿ ಹೋಯಿತು? ಕೆಳಗೆ ಹೋಯಿತು. ರತನಗಡದ ಕಡೆ ಹುಟ್ಟುವ ಪ್ರವರಾ ನದಿಗೆ ಭಂಡಾರದರಾದಲ್ಲಿ 1910ರಲ್ಲಿ ಅಣೆಕಟ್ಟು ಆರಂಭಿಸಿ 1926ರಲ್ಲಿ ಮುಗಿಸಿದರು. ಆಗಿನ ಬೊಂಬಾಯಿ ಗವರ್ನರರ ಹೆಸರಿನಿಂದ ಅದು ವಿಲ್ಸನ್ ಅಣೆಕಟ್ಟೆನಿಸಿತು. ಎತ್ತರ ಸುಮಾರು 270 ಅಡಿ. ಹಿಡಿಯುವ ನೀರು ಸುಮಾರು 11 ಟಿಎಂಸಿ. ಆ ನೀರು ಕಾಲುವೆಗಳಲ್ಲಿ ಮೂಡಣಕ್ಕೆ ಇಳಿದು ಬಯಲಿನಲ್ಲಿ ಕಬ್ಬಾಗುತ್ತದೆ. ವಿಠ್ಠಲರಾವ್ ವಿಖೆ ಪಾಟೀಲರು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರ ನೆರವಿನಿಂದ ಲೋಣಿಯಲ್ಲಿ ಕಟ್ಟಿದ ಸಹಕಾರಿ ಸಕ್ಕರೆ ಕಾರ್ಖಾನೆ 1950ರ ಹೊತ್ತಿಗೆ ನಡೆಯತೊಡಗಿದ್ದು ಈ ನೀರಿನ ಬಲದಿಂದಲೇ. ಕಾಲೇಜಿನಲ್ಲಿ ಸಹಕಾರದ ಪಾಠ ಓದುವಾಗ ಆ ಕಾರ್ಖಾನೆಯ ಹೆಸರನ್ನು ನಾವು ಉರುಹೊಡೆದಿದ್ದೆವು. ಅದರ ನೀರು ಯಾವ ಬೆಟ್ಟದ್ದೆಂದು ನಮ್ಮ ಪಠ್ಯದಲ್ಲಿ ಇರಲಿಲ್ಲ.

ನಾವು ಮುಂಬಯಿಯವರು ಇದರಲ್ಲಿ ನಿರ್ದೋಷಿಗಳೆಂದು ಯಾರೂ ತಿಳಿಯಬಾರದು. ನಮ್ಮ ನಗರಕ್ಕೆ ನೀರೂಡುವ ಏಳು ಜಲಾಶಯಗಳಲ್ಲಿ ಅತಿ ದೊಡ್ಡ ಪಾಲು ಭಾತಸಾದ್ದು. ಅದು ಇದೇ ಸಾಲಿನ ಪಡುವಣ ಮಗ್ಗುಲಲ್ಲಿ, ಶಹಾಪುರ ತಾಲ್ಲೂಕಿನಲ್ಲಿದೆ. ಕಸಾರೆಯ ಲೋಕಲ್ ಗಾಡಿ ಹತ್ತಿದವರಿಗೆ ಆ ತಾಲ್ಲೂಕಿನ ಸ್ಟೇಷನ್ನುಗಳ ಹೆಸರು ಗೊತ್ತು. ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ಹಳ್ಳಿಗಳು ಅಲ್ಲೂ ಇವೆ.

ಈ ಬೆಟ್ಟಗಳ ನಿವಾಸಿಗಳು ಬಹುಪಾಲು ಮಹಾದೇವ ಕೋಳಿಗಳೆಂಬ ಗಿರಿಜನರು. ಮುಂಬಯಿಯ ಕಡಲಿನಲ್ಲಿ ಮೀನು ಹಿಡಿಯುವ ಕೋಳಿಗಳು ಬೇರೆ, ಇವರು ಬೇರೆ. ಭತ್ತ, ನಾಚಣಿ, ವರೈ, ಖುರಾಸಣಿ ಬೆಳೆಯುತ್ತಾರೆ. ಅಂದರೆ ರಾಗಿ, ಸಾಮೆ, ಹುಚ್ಚೆಳ್ಳು! ನಾಚಣಿಯೆಂದರೆ ರಾಗಿಯೆಂದು ತಿಳಿದಾಗ ನಮ್ಮ ಸಂಘದ ಮೈಸೂರು ಕಡೆಯ ಮಿತ್ರರೊಬ್ಬರು ಎರಡು ಚೀಲ ತರಿಸಿಕೊಂಡರು. ಕಾಡಿನಿಂದ ಅಳಲೆಕಾಯಿ ಆಯ್ದು ಮಾರುವುದು ಅವರ ಇನ್ನೊಂದು ಸಂಪಾದನೆ. ಅದೇ ತಾಲ್ಲೂಕಿನ ಕೊಂಭಾಳಣೆಯ ರಾಹೀಬಾಯಿ ಪೊಪೆರೆಯವರು ಶಾಲೆಯ ಮುಖ ಕಂಡವರಲ್ಲ. ನಾಟಿ ಬೀಜಗಳನ್ನು ಮನೆಯಲ್ಲಿ ಕೂಡಿಟ್ಟು ಊರೂರಿಗೆ ಹಂಚಿ 'ಬೀಜಮಾತೆ' ಎನಿಸಿ, 2020ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ನಾವು ಠೇವಣಿ ಎಂದು ಯಾವುದಕ್ಕೆ ಹೇಳುತ್ತೇವೆಯೋ ಅದಕ್ಕಿಂತ ಆಕೆಯ ಮಡಕೆಗಳಲ್ಲಿರುವುದು ಹೆಚ್ಚು ಭದ್ರವಾದದ್ದೆಂದು ನಮ್ಮ ವ್ಯವಸ್ಥಾಪಕರೇ ಒಮ್ಮೆ ತಮಾಷೆಗೆ ಹೇಳಿದ್ದರು.

ಹಣದ ಲೆಕ್ಕದವರ ಮೇಲೆ ಆ ಸೀಮೆಯಲ್ಲಿ ಹಳೆಯ ಸಂಶಯವೊಂದಿದೆ. ಅದಕ್ಕೆ ಕಾರಣವೂ ಇದೆ. ದೇವಗಾವದ ರಾಘೋಜಿ ಭಾಂಗರೆ ಎಂಬ ಕೋಳಿ ನಾಯಕ 1844ರ ಸುಮಾರಿಗೆ ಕಂಪನಿ ಸರಕಾರದ ಮೇಲೂ ಸಾಲ ಕೊಟ್ಟು ಹೊಲ ನುಂಗುತ್ತಿದ್ದ ಸಾಹುಕಾರರ ಮೇಲೂ ದಂಗೆಯೆದ್ದ. ಸಾಹುಕಾರರ ಮೂಗು ಕೊಯ್ಸಿದನೆಂದು ಸರಕಾರದ ಗೆಜೆಟಿಯರಿನಲ್ಲೇ ಉಂಟು. ಕೊನೆಗೆ ಸೆರೆಸಿಕ್ಕಿ, 1848ರ ಮೇ 2ರಂದು ಠಾಣೆಯ ಸೆರೆಮನೆಯಲ್ಲಿ ಗಲ್ಲಿಗೇರಿದ. ಠಾಣೆಯ ಮಿತ್ರರು ಆ ಗೋಡೆಯ ಪಕ್ಕದಲ್ಲೇ ದಿನವೂ ಬಸ್ಸಿನಲ್ಲಿ ಹಾದುಹೋಗುತ್ತಾರೆ. ನಾವು ಶಾಖೆಗೆ ಸೇರಿದ ಹೊಸದರಲ್ಲಿ ಹಿರಿಯ ಜವಾನರೊಬ್ಬರು ಈ ಕಥೆ ಹೇಳಿ, ನಮ್ಮ ಮೂಗನ್ನು ಒಮ್ಮೆ ದಿಟ್ಟಿಸಿ ನೋಡಿ ನಕ್ಕರು.

ಮೂಗು ಉಳಿಯಿತು, ಆದರೆ ನಮ್ಮಿಂದಲೂ ಒಂದು ತಪ್ಪು ನಡೆಯಿತು. ಅದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ಒಬ್ಬ ಮುದುಕಿಯ ಖಾತೆ, ಗುರುತಿನ ಕಾಗದಗಳನ್ನು ಹೊಸದಾಗಿ ಒಪ್ಪಿಸಿಲ್ಲವೆಂಬ ಕಾರಣಕ್ಕೆ ನಿಂತುಹೋಗಿತ್ತು. ಸರಕಾರದಿಂದ ಬರುವ ವೃದ್ಧಾಪ್ಯದ ಹಣ ಅದರಲ್ಲೇ ಇತ್ತು. ಬೆರಳಚ್ಚಿನ ಯಂತ್ರದ ಮೇಲೆ ಆಕೆ ಹೆಬ್ಬೆಟ್ಟು ಇಟ್ಟಳು. ಯಂತ್ರ ಒಲ್ಲೆನೆಂದಿತು. ಹತ್ತು ಬೆರಳನ್ನೂ ಇಟ್ಟಳು. ಹತ್ತಕ್ಕೂ ಅದೇ ಉತ್ತರ. ಅರವತ್ತು ವರ್ಷ ಕೆಸರಿನಲ್ಲಿ ನೇಜಿ ನೆಟ್ಟು, ಬೂದಿಯಲ್ಲಿ ಪಾತ್ರೆ ತಿಕ್ಕಿದ ಬೆರಳುಗಳಲ್ಲಿ ಗೆರೆ ಎಲ್ಲಿ ಉಳಿದೀತು? "ನಾಳೆ ಬಾ ಆಜಿ, ಇವತ್ತು ಮಿಷನ್ನು ಸರಿಯಿಲ್ಲ" ಎಂದೆವು. ಮಿಷನ್ನು ಸರಿಯಾಗಿಯೇ ಇತ್ತು. ಆಕೆ ಮೂರು ಸಲ ಬಂದಳು. ಅವಳ ವಾಡಿಗೆ ಬಸ್ಸಿಲ್ಲ. ಕಾಲುದಾರಿಯಲ್ಲಿ ಇಳಿದು ಬಂದು, ಹತ್ತಿ ಹೋಗಬೇಕು. ಮೂರನೆಯ ಸಲ ಸಿಟ್ಟಿಲ್ಲದೆ ಕೈಯನ್ನು ಮೂಗಿನ ಹತ್ತಿರ ಹಿಡಿದು ನೋಡಿಕೊಂಡು, "ಈ ಬೆರಳು ನನ್ನದಲ್ಲವೆ?" ಎಂದು ಕೇಳಿದಳು. ಆಗ ನಮ್ಮ ಅಧಿಕಾರಿಗಳು ಎದ್ದು ಬಂದು, ಫೋಟೊ ಅಂಟಿಸಿ ಕಾಗದದ ಮೇಲೆ ಬರೆದುಕೊಂಡರೆ ಸಾಕಾಗುತ್ತದೆ ಎಂದರು. ಹತ್ತು ನಿಮಿಷದಲ್ಲಿ ಆಯಿತು. ಆ ನಿಯಮ ಮೊದಲ ದಿನವೂ ಇತ್ತು. ನಮಗೆ ಹುಡುಕುವ ಮನಸ್ಸಿರಲಿಲ್ಲ, ಅಷ್ಟೆ.

ಮುಂಬಯಿಗೆ ಹಿಂತಿರುಗಿದ ಮೇಲೆ ಈ ಬೆಟ್ಟವನ್ನು ನಮ್ಮವರಿಗೊಮ್ಮೆ ತೋರಿಸಬೇಕೆಂಬ ಆಸೆ ಹುಟ್ಟಿತು. ಮೇ ತಿಂಗಳ ಕೊನೆಯ ಒಂದು ಶನಿವಾರ ಸಂಘದ ನಾಲ್ಕು ಸಂಸಾರದ ಹನ್ನೊಂದು ಮಂದಿ ಇಗತಪುರಿಯಲ್ಲಿ ರೈಲಿಳಿದು, ಘೋಟಿಯ ದಾರಿಯಾಗಿ ಬಾರಿ ಎಂಬ ಹಳ್ಳಿಗೆ ಹೋದೆವು. ಹತ್ತುವವರು ಸಾಮಾನ್ಯವಾಗಿ ಹೊರಡುವುದು ಅಲ್ಲಿಂದ. ನಮ್ಮ ದೊಡ್ಡಪ್ಪನವರೂ ಬಂದಿದ್ದರು. ಎಪ್ಪತ್ತೆಂಟು ವರ್ಷ, ಹತ್ತುವುದಿಲ್ಲ, ಕೆಳಗೆ ಕೂತಿರುತ್ತೇನೆ ಎಂಬ ಕರಾರಿನ ಮೇಲೆ ಹೊರಟವರು. ಇವರು 1958ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿ ಮಂಗಳೂರಿನಿಂದ ಹಡಗು ಹತ್ತಿ ಈ ನಗರಕ್ಕೆ ಬಂದವರು. ಕೋಟೆಯ ಕಡೆಯ ಹೋಟೆಲೊಂದರಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿ, ಗಿರಣಿಯ ಕಚೇರಿಯಲ್ಲಿ ಗುಮಾಸ್ತರಾದರು. ನಮ್ಮ ಸಂಘದ ಹಿರಿಯರಲ್ಲಿ ಅನೇಕರ ಜಾತಕ ಇದೇ ಆದ್ದರಿಂದ ವಿಸ್ತರಿಸಬೇಕಾಗಿಲ್ಲ.

ಆ ರಾತ್ರಿ ಒಂದು ಮನೆಯಲ್ಲಿ ನಮಗೆ ಊಟ, ಚಾಪೆ. ಮಳೆಗೆ ಮುಂಚಿನ ಆ ಹದಿನೈದು ದಿನ ಆ ಸೀಮೆಯ ಮರಗಳಲ್ಲಿ ಮಿಂಚುಹುಳಗಳು ಸೇರುತ್ತವೆ. ಮರಕ್ಕೆ ಮರವೇ ಉಸಿರಾಡಿದಂತೆ ಹೊಳೆದು ಆರುತ್ತದೆ. ಅದನ್ನು ನೋಡಲು ನಗರದಿಂದ ಮೋಟಾರುಗಳು ಸಾಲುಗಟ್ಟಿ ಬಂದು, ದೀಪ ಉರಿಸಿ, ಹುಳಗಳನ್ನೇ ಓಡಿಸಿಬಿಡುತ್ತವೆ. ನಮ್ಮ ಮಕ್ಕಳು ಅಂಗಳದಲ್ಲಿ ಕತ್ತಲಲ್ಲೇ ಕೂತು ನೋಡಿದರು. ಆಗ ಮನೆಯ ಅಜ್ಜಿ ಕಳಸೂವಿನ ಕಥೆ ಹೇಳಿದರು. ಹಳೆಯ ಗೆಜೆಟಿಯರಿನಲ್ಲೂ ಇದು ಹೆಚ್ಚುಕಡಿಮೆ ಹೀಗೆಯೇ ಇದೆ.

ಶಿಖರ ಕಳಸದಂತಿರುವುದರಿಂದ ಈ ಹೆಸರು ಬಂದಿತೆಂದು ನಾವು ತಿಳಿದಿದ್ದೆವು. ಅಜ್ಜಿ ಒಪ್ಪಲಿಲ್ಲ. ಕಳಸೂ ಎಂಬುದು ಒಬ್ಬ ಹುಡುಗಿಯ ಹೆಸರು. ಕಾಡು ಸುತ್ತುವುದೆಂದರೆ ಪ್ರಾಣವಾಗಿದ್ದ ಕೋಳಿಯವರ ಹುಡುಗಿ. ಬೆಟ್ಟದ ಆ ಮಗ್ಗುಲಿನ ಇಂದೋರೆ ಗ್ರಾಮಕ್ಕೆ ಬಂದು ಒಬ್ಬ ಕುಣಬಿ ರೈತನ ಮನೆಯಲ್ಲಿ ಕೆಲಸಕ್ಕೆ ನಿಂತಳು. ಮೊದಲೇ ಮಾತು ಮಾಡಿಕೊಂಡಿದ್ದಳು: ಬೇರೆ ಏನು ಹೇಳಿದರೂ ಮಾಡುತ್ತೇನೆ, ಪಾತ್ರೆ ತಿಕ್ಕುವುದಿಲ್ಲ, ಕಸ ಗುಡಿಸುವುದಿಲ್ಲ. ಮನೆಯವರು ಒಪ್ಪಿದರು. ಬಹಳ ದಿನ ಹಾಗೆಯೇ ನಡೆಯಿತು. ಒಂದು ದಿನ ಮನೆಯವರಲ್ಲಿ ಯಾರೋ ಪಾತ್ರೆ ತಿಕ್ಕು ಎಂದರು. ಹುಡುಗಿ ಎದುರು ಮಾತನಾಡಲಿಲ್ಲ. ತಿಕ್ಕಿದಳು. ತಿಕ್ಕಿಟ್ಟು, ಕೈಯೊರೆಸಿಕೊಂಡು, ಬೆಟ್ಟ ಹತ್ತಿಹೋದಳು. ಮತ್ತೆ ಇಳಿಯಲಿಲ್ಲ, ಸಾಯುವತನಕ ತುದಿಯಲ್ಲೇ ಇದ್ದಳು. ಅವಳು ಪಾತ್ರೆ ತಿಕ್ಕಿದ ಜಾಗಕ್ಕೆ ಥಾಳೆಮೇಳ ಎಂದು ಹೆಸರು.

ಹೆಂಗಸರು ಕೆಲವರು ನಕ್ಕರು. ಮನೆಗೆಲಸದ ಬಾಯಿ ಬಾರದಿದ್ದ ದಿನದ ಮಾತು ಬಂತು. ದೊಡ್ಡಪ್ಪ ಮಾತ್ರ ನಗದೆ ತಮ್ಮ ಹೋಟೆಲಿನ ಮರಾಠಿಯಲ್ಲಿ ಅಜ್ಜಿಯನ್ನು ಕೇಳಿದರು: "ಪಾತ್ರೆ ತಿಕ್ಕಿಸಿದ ಮನೆಯವರು ಆಮೇಲೆ ಏನಾದರು?"

"ಏನಾಗುತ್ತಾರೆ? ಅವರೂ ನವರಾತ್ರಿಯಲ್ಲಿ ಹತ್ತಿ ಕೈಮುಗಿಯುತ್ತಾರೆ," ಎಂದರು ಅಜ್ಜಿ.

ಸ್ವಲ್ಪ ಹೊತ್ತು ಬಿಟ್ಟು ದೊಡ್ಡಪ್ಪ ನಮ್ಮ ಕಡೆ ತಿರುಗಿ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇವೆ. "ನಾನೂ ಒಂದು ದಿನ ಓಡಿದ್ದೆ. ಬಂದ ಮೊದಲ ವರ್ಷ. ಕೈಯೆಲ್ಲ ಸೋಡದಿಂದ ಬಿರಿದಿತ್ತು. ಭಾವೂಚಾ ಧಕ್ಕೆಗೆ ಹೋಗಿ ಊರಿನ ಹಡಗು ಯಾವುದೆಂದು ನೋಡುತ್ತ ಸಂಜೆಯವರೆಗೆ ಕೂತಿದ್ದೆ. ಟಿಕೆಟಿಗೆ ದುಡ್ಡು ಎಲ್ಲಿತ್ತು? ಕತ್ತಲಾದ ಮೇಲೆ ಹಿಂತಿರುಗಿ ಹೋದೆ. ಯಜಮಾನರು ಏನೂ ಅನ್ನಲಿಲ್ಲ. ಬೆಳಗಿನಿಂದ ಬಿದ್ದ ಲೋಟವೆಲ್ಲ ಹಾಗೆಯೇ ಕಾದಿತ್ತು." ಅರುವತ್ತು ವರ್ಷಕ್ಕೂ ಮೇಲೆ ಈ ಸಂಗತಿಯನ್ನು ದೊಡ್ಡಮ್ಮನಿಗೂ ಅವರು ಹೇಳಿರಲಿಲ್ಲವೆಂದು ಆಮೇಲೆ ತಿಳಿಯಿತು.

ಬಿಸಿಲಿಗೆ ಹೆದರಿ ನಾವು ಬೆಳಗಿನ ಜಾವ ಮೂರಕ್ಕೆ ಹತ್ತತೊಡಗಿದೆವು. ಹತ್ತುವ ವಿವರವನ್ನು ಬೆಳೆಸುವುದಿಲ್ಲ. ಏದುಸಿರಿನ ವರ್ಣನೆ ಕೇಳುವವರಿಗೆ ರುಚಿಸದು. ಕಡಿದಾದ ಬಂಡೆಗಳಿಗೆ ಕಬ್ಬಿಣದ ಏಣಿಗಳನ್ನೂ ಕಂಬಿಗಳನ್ನೂ ಹಾಕಿದ್ದಾರೆ. ಅವು ಇಲ್ಲದ ಕಾಲದಲ್ಲಿ ಹರಕೆಯ ಹೆಂಗಸರು ಹೇಗೆ ಹತ್ತಿದರೋ ತಿಳಿಯದು. ನಾವು ಏಣಿಯಲ್ಲಿ ಕೈಕಾಲು ನಡುಗಿಸುತ್ತ ನಿಂತಿದ್ದಾಗ, ನಿಂಬೆ ಪಾನಕದ ಸರಕು ತುಂಬಿದ ಬುಟ್ಟಿಯನ್ನು ತಲೆಯ ಮೇಲಿಟ್ಟ ಹುಡುಗಿಯೊಬ್ಬಳು ಕಂಬಿ ಹಿಡಿಯದೆ ನಮ್ಮನ್ನು ದಾಟಿ ಹೋದಳು. ಮೇಲೆ ಒಂದು ಲೋಟಕ್ಕೆ ಇಪ್ಪತ್ತು ರೂಪಾಯಿ ಕೇಳಿದಾಗ ನಮ್ಮ ಮಿತ್ರರೊಬ್ಬರು ಹತ್ತಕ್ಕೆ ಚೌಕಾಸಿ ಮಾಡಿದರು. ಅವರ ಹೆಸರು ಹೇಳುವುದಿಲ್ಲ, ಅವರು ಇಲ್ಲೇ ಕೂತಿದ್ದಾರೆ.

ತುದಿಯಲ್ಲಿ ಮೂರು ಜನ ಕೂತರೆ ತುಂಬುವಷ್ಟು ಗುಡಿ. ಒಳಗೆ ಸಿಂಧೂರ ಬಳಿದ ದೇವಿ. ಹೊತ್ತು ಮೂಡುವಾಗ ಸುತ್ತಲೂ ಅಲಂಗ, ಮದನ, ಕುಲಂಗ ಎಂಬ ಮೂರು ಕೋಟೆಬೆಟ್ಟಗಳು, ಆಚೆ ರತನಗಡ, ದೂರದಲ್ಲಿ ಹರಿಶ್ಚಂದ್ರಗಡ ಒಂದೊಂದಾಗಿ ಮಂಜಿನಿಂದ ಎದ್ದವು. ರತನಗಡದ ಬುಡದ ರತನವಾಡಿಯಲ್ಲಿ ಅಮೃತೇಶ್ವರನ ಕಲ್ಲಿನ ದೇವಾಲಯವಿದೆ. ಶಿಲಾಹಾರ ದೊರೆ ಝಂಝ ಕಟ್ಟಿಸಿದ ಹನ್ನೆರಡು ಶಿವಾಲಯಗಳಲ್ಲಿ ಅದೊಂದೆಂದು ಹೇಳುತ್ತಾರೆ. ಆ ಶಿಲಾಹಾರರು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. (ಇಲ್ಲಿ ಚಪ್ಪಾಳೆ ಬಿದ್ದೀತೆಂದು ಕಾರ್ಯದರ್ಶಿಗಳು ಮೊದಲೇ ಹೇಳಿದ್ದರು, ವಂದನೆಗಳು.) ಈ ಬೆಟ್ಟಗಳಲ್ಲಿ 361 ಚದರ ಕಿಲೋಮೀಟರಿನಷ್ಟು ಜಾಗ 1986ರಿಂದ ಅಭಯಾರಣ್ಯ. ನಮ್ಮ ಮಗಳು ಇದಾವುದನ್ನೂ ಕೇಳದೆ ಕೆಳಗೆ ಕೈ ತೋರಿಸಿದಳು. ಭಂಡಾರದರಾದ ಜಲಾಶಯ ಬೇಸಗೆಯಲ್ಲಿ ಅಂಚಿನ ಮಣ್ಣು ಬಿಟ್ಟು ಒಳಕ್ಕೆ ಸರಿದಿದ್ದರೂ ಬೆಳ್ಳಿಯ ತಟ್ಟೆಯಂತೆ ಹೊಳೆಯುತ್ತಿತ್ತು. "ಅಷ್ಟು ನೀರಿದೆಯಲ್ಲ, ಅಜ್ಜಿ ನಿನ್ನೆ ಕೈತೊಳೆಯಲು ಅರ್ಧ ಲೋಟ ಯಾಕೆ ಕೊಟ್ಟರು?" ಎಂದು ಕೇಳಿದಳು. ನೀರು ಕೆಳಗಿದೆ, ಅಜ್ಜಿಯ ಮನೆ ಮೇಲಿದೆ ಎಂದೆವು. ಪಂಪು ಹಾಕಬಹುದಲ್ಲ ಎಂದಳು. ಘಾಟಘರದಲ್ಲಿ 2008ರಿಂದ ಒಂದು ವಿದ್ಯುತ್ ಯೋಜನೆ ನಡೆಯುತ್ತಿದೆ. ಮೇಲಿನ ಕಟ್ಟೆಯ ನೀರನ್ನು ಘಟ್ಟದ ಕೆಳಗೆ ಬಿಟ್ಟು 250 ಮೆಗಾವಾಟ್ ವಿದ್ಯುತ್ತು ತೆಗೆದು, ಅದೇ ನೀರನ್ನು ಮತ್ತೆ ಪಂಪು ಮಾಡಿ ಮೇಲಕ್ಕೇರಿಸುತ್ತಾರೆ. ನೀರು ಮೇಲೇರಲಾರದ್ದೇನೂ ಅಲ್ಲ. ಇದನ್ನು ಎಂಟು ವರ್ಷದ ಮಗುವಿಗೆ ಹೇಳಿದ್ದರೆ ಮುಂದಿನ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಹೇಳಲಿಲ್ಲ.

ಇಳಿದು ಬಾರಿಗೆ ಬರುವಾಗ ಹತ್ತೂವರೆ. ಅಂಗಳದ ಮೂಲೆಯಲ್ಲಿ ದೊಡ್ಡಪ್ಪ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕುಕ್ಕುರುಗಾಲಿನಲ್ಲಿ ಕೂತು ಹಿಂದಿನ ರಾತ್ರಿಯ ಲೋಟಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ಬೇಡವೆಂದರೂ ಕೇಳಲಿಲ್ಲವಂತೆ. ಅಜ್ಜಿ ಪಕ್ಕದಲ್ಲಿ ನಿಂತು ತಂಬಿಗೆಯಿಂದ ನೂಲಿನಂತೆ ನೀರು ಬಿಡುತ್ತಿದ್ದರು. "ಹೋಟೆಲಿನ ಹಾಗೆ ಕೈ ಚಾಚಬೇಡ, ತಲೆಯ ಮೇಲೆ ಬಂದ ನೀರು ಇದು" ಎಂದು ಗದರಿಸುತ್ತಿದ್ದರು. ದೊಡ್ಡಪ್ಪ ಲೋಟವನ್ನು ಬಿಸಿಲಿಗೆ ಹಿಡಿದು ಒಳಗೆ ಕಣ್ಣಿಟ್ಟು ನೋಡಿ, ಕವುಚಿ ಸಾಲಾಗಿ ಇಡುತ್ತಿದ್ದರು. ಹನ್ನೊಂದು ಲೋಟಕ್ಕೆ ಒಂದೇ ತಂಬಿಗೆ ಸಾಕಾಯಿತು. ತಳದಲ್ಲಿ ಉಳಿದ ಎರಡು ಹನಿಯನ್ನು ಅಜ್ಜಿ ತುಳಸಿಗೆ ಹಾಕಿದರು. ಅಷ್ಟರಲ್ಲಿ ಘೋಟಿಯ ಬಸ್ಸಿನ ಹಾರ್ನು ಕೇಳಿತು. ಚಪ್ಪಲಿ ಹುಡುಕಿಕೊಂಡು ಓಡಿದೆವು.